ಮಹಡಿಯ ಮೇಲಿನ ಸಂಬಂಧಿತ ವ್ಯಕ್ತಿ

ಫೆಬ್ರವರಿ 4

…ಒಂದೋ ನೌಕರರು, ಇಲ್ಲವೇ ಬಾಡಿಗೆದಾರರು — ಆಡಿಟರಮ್ಮ ಹೀಗೆ ಅಂದರೋ, ‘ಎರಡರಲ್ಲೊಂದು ಹೇಳಿ’ ಅಂದರೋ. ಸರಿಯಾಗಿ ನೆನಪಿಲ್ಲ. ಅಷ್ಟು ಹೊತ್ತಿಗೆ ತಲೆ ಕೆಟ್ಟಿತ್ತು. ನಮ್ಮ ಬ್ರಷ್ ಕಾರ್ಖಾನೆಯ ಲೆಕ್ಕವೂ ಇನ್ನು ಅಂತರರಾಷ್ಟ್ರೀಯ ಮಾನದಂಡದಂತೆ ಇರಬೇಕು. ಇಲ್ಲದಿದ್ದರೆ ಹೊರದೇಶದ ಆರ್ಡರ್ ಇಲ್ಲ. ಆರ್ಡರ್ ಇಲ್ಲದಿದ್ದರೆ ಕಾರ್ಖಾನೆಯೂ ಇಲ್ಲ. ಹಾಗಾಗಿ ವಾರದಿಂದ ಆಡಿಟರಮ್ಮ ನನ್ನೆದುರಿನ ಕುರ್ಚಿಯಲ್ಲಿ.

“ಕಾರ್ಖಾನೆ ಮಹಡಿ ಮೇಲೆ ಯಾರಿರೋದು ಸಾರ್?”

“ಅತ್ತಿಗೆ. ತೀರಿಹೋದ ಅಣ್ಣನ ಹೆಂಡತಿ.”

“ಬಾಡಿಗೆ?”

ನಗು ಬಂತು. ಅತ್ತಿಗೆ ದಿನಾ ಕೆಳಗಿಳಿದು ಪ್ರತಿ ಕಟ್ಟಿನಿಂದ ಒಂದು ಬ್ರಷ್ ತೆಗೆದು ಕೆನ್ನೆಯ ಮೇಲೆ ಎಳೆದು ನೋಡುತ್ತಾರೆ. ಚುಚ್ಚಿದರೆ ಇಡೀ ಕಟ್ಟು ವಾಪಸ್. ಸಂಬಳವಿಲ್ಲ. ಬಾಡಿಗೆಯೂ ಇಲ್ಲ.

“ಇಲ್ಲಾಂದ್ರೆ ಲೆಕ್ಕಪತ್ರದ ಕೊನೇಲಿ, ಮಾಲೀಕರಿಗೆ ಸಂಬಂಧಿತ ವ್ಯಕ್ತಿ ಅಂತ ಎರಡು ಸಾಲು ಬರೆದು ತಿಳಿಸಿದ್ರೂ ಸಾಕು ಸಾರ್.”

ಗುರುತಿಲ್ಲದವರೆಲ್ಲ ಓದುವ ಎರಡು ಸಾಲು… ಬೇಡವೆನಿಸಿತು. ಸಂಬಳ ಕೊಟ್ಟು ಅದರಲ್ಲೇ ಬಾಡಿಗೆ ಹಿಡಿದುಕೊಳ್ಳುತ್ತೇವೆ, ಕರಾರು ಮಾಡಿಬಿಡಿ ಎಂದೆ. ಚೊಕ್ಕವಾಗಿರುತ್ತದೆ.

ಫೆಬ್ರವರಿ 6

ಕರಾರು ಹಿಡಿದು ಮಹಡಿ ಹತ್ತಿದೆ. ಅತ್ತಿಗೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

“ಈ ಬಾಡಿಗೆದಾರರು ಅಂದ್ರೆ ನಾನಾ?”

“ಬರೀ ಕಾಗದಕ್ಕೆ, ಅತ್ತಿಗೆ.”

“ನಿಮ್ಮಣ್ಣ ಇದ್ದಿದ್ರೆ ಅವರನ್ನೂ ಬರೆಸ್ತಿದ್ಯಾ?”

ಪೆನ್ನು ಮುಂದೆ ಹಿಡಿದೆ. ಸಹಿ ಹಾಕಿದರು. “ಬಿಡಪ್ಪಾ. ನಲ್ಲಿ ಸೋರ್ತಿದೆ. ರಿಪೇರಿ ಮಾಲೀಕರದ್ದೇ ಅಂತ ಇದರಲ್ಲಿದೆ. ಯಾವಾಗ ಮಾಡಿಸ್ತೀರಿ, ಸಾರ್?”

ಇಬ್ಬರೂ ನಕ್ಕೆವು. ನಾನು ಸ್ವಲ್ಪ ಹೆಚ್ಚು ಹೊತ್ತು.

ಫೆಬ್ರವರಿ 9

ಗಂಟೆ ಬಾರಿಸುವ ಮೊದಲೇ ಅತ್ತಿಗೆ ಬೆಂಚಿನ ಮುಂದೆ. “ನೌಕರರು ತಡ ಮಾಡಬಾರ್ದಲ್ವಾ?” ಮಧ್ಯಾಹ್ನ ಊಟಕ್ಕೆ ಮೇಲೆ ಕರೆಯಲಿಲ್ಲ. ಮರೆತಿರಬಹುದು. ಡಬ್ಬಿ ತರುವ ಅಭ್ಯಾಸವೇ ನನಗಿಲ್ಲ.

ಮಾರ್ಚ್ 2

ಅತ್ತಿಗೆ ಆಫೀಸಿನ ಬಾಗಿಲು ತಟ್ಟಿ ಬಂದರು. ಎಂದೂ ತಟ್ಟಿದವರಲ್ಲ.

“ತಂಗಿ ಮನೆಗೆ ಹೋಗ್ತಿದೀನಿ. ಅಲ್ಲೇ ಇರ್ತೀನಿ.”

“ಯಾಕೆ ಅತ್ತಿಗೆ, ಇದ್ದಕ್ಕಿದ್ದ ಹಾಗೆ?”

“ಇದ್ದಕ್ಕಿದ್ದ ಹಾಗೆ ಎಲ್ಲಿ? ತಿಂಗಳ ಮುಂಚೆ ತಿಳಿಸ್ಬೇಕು ಅಂತ ನೀನೇ ಬರೆಸಿದ್ದಲ್ವಾ. ತಿಳಿಸ್ತಿದೀನಿ.”

ಕರಾರು ಹರಿದು ಹಾಕುತ್ತೇನೆ ಎಂದೆ. “ಹರಿದ್ರೆ? ನಾನು ಓದಿಯಾಯ್ತಲ್ಲ,” ಎಂದರು. ಸಿಟ್ಟಿನ ದನಿಯಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು.

ಏಪ್ರಿಲ್ 3

ಹೋದರು.

ಆಡಿಟರಮ್ಮನ ವರದಿ ಬಂತು. ಒಂದು ಆಕ್ಷೇಪವೂ ಇಲ್ಲ. ಆರ್ಡರ್ ಖಚಿತ. ಮೇಸ್ತ್ರಿ ಮೊದಲ ಕಟ್ಟು ತಂದು ನಿಂತ. “ಇನ್ಮೇಲೆ ಯಾರು ನೋಡ್ತಾರೆ?” ಒಂದು ಬ್ರಷ್ ತೆಗೆದು ಕೆನ್ನೆಗೆ ಎಳೆದುಕೊಂಡೆ. ಇನ್ನೊಂದು. ನನ್ನ ಕೆನ್ನೆಗೆ ಎಲ್ಲವೂ ಒಂದೇ. ಕಳಿಸು ಎಂದೆ.

ಏಪ್ರಿಲ್ 11

ಮಹಡಿ ಖಾಲಿ ಇಟ್ಟರೆ ಲೆಕ್ಕದಲ್ಲಿ ಅದಕ್ಕೂ ಕಾರಣ ಕೊಡಬೇಕು. ಶಾಲಾ ಮೇಷ್ಟರೊಬ್ಬರು ಬಾಡಿಗೆಗೆಂದು ನೋಡಲು ಬಂದರು. ಕಿಟಕಿ ತೆರೆದು ತೋರಿಸಿದೆ. ಗೋಡೆ ಮುಟ್ಟಿ, “ಚೆನ್ನಾಗಿ ಇಟ್ಟುಕೊಂಡಿದಾರೆ. ಮೊದಲು ಇದ್ದವರು ನಿಮಗೆ ಏನಾಗ್ಬೇಕು ಸಾರ್?” ಎಂದರು.

ಅತ್ತಿಗೆ, ನಾನು ಏನಂತ ಹೇಳಲಿ —