ಹಿಕ್ಕೆಯ ಜೊತೆ ಬಂದ ಜಾಲಿ

೨೫ ಜುಲೈ ೨೦೨೫, ಶುಕ್ರವಾರ

ಇವತ್ತೂ ದಿನವಿಡೀ ಜೋಳದ ಸಾಲಿನಲ್ಲಿ ಬಳ್ಳಾರಿ ಜಾಲಿಯ ಸಸಿ ಅಗೆದೆ. ಗೇಣುದ್ದವೂ ಇಲ್ಲ, ಆಗಲೇ ಮುಳ್ಳು. ಬೇರು ಬಿಟ್ಟು ಮೇಲಷ್ಟೇ ಕಿತ್ತರೆ ಮತ್ತೆ ಚಿಗುರುತ್ತದೆ.

ಇದೆಲ್ಲ ನನ್ನ ಸ್ವಂತ ಅಣ್ಣ ಗಾಳೆಪ್ಪನ ಕುರಿಗಳು ತಂದದ್ದು. ಬೇಸಿಗೆಯಲ್ಲಿ ಗೊಬ್ಬರವಾಗಲೆಂದು ಅವನ ಹಿಂಡನ್ನು ರಾತ್ರಿ ನಮ್ಮ ಹೊಲದಲ್ಲಿ ಕೂಡಿಹಾಕಿ ತರುಬಿಸಿದ್ದೆವು. ಜಾಲಿಕಾಯಿ ತಿಂದ ಕುರಿಯ ಹಿಕ್ಕೆಯಲ್ಲಿ ಬೀಜ ಹಾಗೇ ಉಳಿಯುತ್ತದೆ. ಅದಕ್ಕೇ, ಮೊದಲು ಒಂದು ವಾರ ಬರೀ ಜೋಳದ ಸೊಪ್ಪೆ ಹಾಕು, ಹೊಟ್ಟೆಯೊಳಗಿನ ಬೀಜ ಖಾಲಿಯಾಗಲಿ ಎಂದು ಹೇಳಿ, ಸೊಪ್ಪೆಯನ್ನೂ ನಾನೇ ಕಳಿಸಿದ್ದೆ. ಹೂಂ ಅಂದಿದ್ದ.

ಸಂಜೆ ಅವನೇ ಹೊಲಕ್ಕೆ ಬಂದ, ಪಂಚಮಿಗೆ ನನ್ನನ್ನು ತವರೂರು ತೆಲಿಗಿಗೆ ಕರೆಯಲು.

"ಆ ಸೊಪ್ಪಿ ಏನ್ ಮಾಡಿದಿ ಅಣ್ಣಾ?" ಅಂದೆ.

"ಎತ್ತಿಗೆ ಹಾಕಿದೆ ಬಿಡವ್ವ. ಹಿಕ್ಕಿ ಬೇಕು, ಬೀಜ ಬ್ಯಾಡ ಅಂದ್ರ ಹೆಂಗ?" ಎಂದು ನಕ್ಕ. "ಗುಡ್ಡದಾಗ ಜಾಲಿ ಬಿಟ್ರ ಬ್ಯಾರೆ ಏನೈತಿ ಮೇಯಾಕ?"

ಅದು ಸುಳ್ಳಲ್ಲ. ಆದರೆ ಸೊಪ್ಪೆ ಇತ್ತಲ್ಲ. ಅವನು ನಕ್ಕದ್ದನ್ನೇ ನನಗೆ ತಡೆಯಲಾಗಲಿಲ್ಲ.

ಬದುವಿನ ಮೇಲೆ ನಿಂತೇ ಮಾತಾಡಿದ. ಬಗ್ಗಿ ಒಂದಾದರೂ ಸಸಿ ಕೀಳುತ್ತಾನೇನೋ ಎಂದು ಕಾದೆ. ಕೀಳಲಿಲ್ಲ.

"ಈ ಸಲ ಬರಂಗಿಲ್ಲ. ಹೊಲದಾಗ ಕೆಲಸ ಐತಿ," ಅಂದೆ.

"ನಿನ್ನಿಷ್ಟ," ಅಂದ.

ಎರಡನೇ ಸಲ ಕರೆಯಲಿಲ್ಲ. ಅವ್ವ ಉಂಡಿ ಕಟ್ಟಿ ಕಾಯುತ್ತಿರುತ್ತಾಳೆ, ಅವಳಿಗೆ ಇವನು ಏನು ಹೇಳುತ್ತಾನೋ. ಮುಳ್ಳು ಚುಚ್ಚಿದ ಬೆರಳುಗಳು ಉರಿಯುತ್ತಿವೆ, ಇನ್ನು ಬರೆಯಲು ಆಗುವುದಿಲ್ಲ.