ಮುಂಬರುವ ಚಿತ್ರದ ಹಾಡು

ಸುದ್ದಗುಂಟೆಪಾಳ್ಯ
12-5-1985, ಭಾನುವಾರ

ಸೇತುರಾಮನಿಗೆ,

‘ಪ್ರೀತಿಯ’ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಅದಕ್ಕೇ ಬರೀ ಹೆಸರು. ನಾಲ್ಕು ವರ್ಷದಿಂದ ಮಾತು ಬಿಟ್ಟವನು ಈಗ್ಯಾಕೆ ಕಾಗದ ಬರೆಯುತ್ತಿದ್ದಾನೆ ಎಂದು ನಿನಗೆ ಅನ್ನಿಸಬಹುದು. ಕ್ಷೇಮ ಸಮಾಚಾರಕ್ಕಲ್ಲ ಮಾರಾಯ. ಒಂದೇ ಒಂದು ಮಾತು ಕೇಳಬೇಕು. ನನ್ನ ಹಾಡನ್ನು ಯಾರಿಗೆ ಕೊಟ್ಟೆ?

ಯಾವ ಹಾಡು ಎಂದು ಕಣ್ಣು ಬಿಡಬೇಡ. ನಾನು ಬರೆದು ರಾಗ ಹಾಕಿದ್ದರಲ್ಲಿ ಜನ ಕೂತು ಕೇಳಿದ್ದು ಅದೊಂದೇ. ಮೊನ್ನೆ ಜಯನಗರದ ಒಂದು ಛತ್ರದಲ್ಲಿ ಮದುವೆಗೆ ಊದಲು ಹೋಗಿದ್ದೆ. ಹೌದು, ಪಿಳ್ಳಣ್ಣನ ಬ್ಯಾಂಡ್ ಸೆಟ್ಟಿಗೇ ವಾಪಸ್ಸು ಬಂದಿದ್ದೇನೆ. ಅದೇ ಕೆಂಪು ಕೋಟು, ಅದೇ ಕ್ಲಾರಿನೆಟ್. ನನ್ನನ್ನೊಂದು ಮಾತೂ ಕೇಳದೆ ನೀನು ಆರ್ಕೆಸ್ಟ್ರಾ ಮುಚ್ಚಿದ ಮೇಲೆ ಬ್ರಿಗೇಡ್ ರಸ್ತೆಯ ಹೋಟೆಲಿನಲ್ಲಿ ಕತ್ತಿಗೆ ಬೋ ಕಟ್ಟಿಕೊಂಡು ಇಂಗ್ಲಿಷ್ ಟ್ಯೂನ್ ಊದಿದೆ. ತಿನ್ನುವವರ ಮುಂದೆ ಊದುವುದು ನನಗೆ ಒಗ್ಗಲಿಲ್ಲ. ಆಮೇಲೆ ನಾಟಕದ ಕಂಪನಿ. ಅದೂ ಮುಳುಗಿತು. ಕೊನೆಗೆ ಪಿಳ್ಳಣ್ಣನೇ ‘ಬಾ ಮಗಾ, ಕೋಟು ಹಂಗೇ ಮಡಚಿಟ್ಟಿದೀನಿ’ ಅಂದ.

ನಮ್ಮ ಕಸುಬು ನಿನಗೆ ಗೊತ್ತು. ದಿಬ್ಬಣ ಬಾಗಿಲಿಗೆ ಬಂತೋ, ನಮ್ಮ ಕೆಲಸ ಮುಗಿಯಿತು. ಊಟ ಹಿಂದಿನ ಅಂಗಳದಲ್ಲಿ, ಆಮೇಲೆ ಮುಂದಿನ ಛತ್ರಕ್ಕೆ ಓಟ. ಒಳಗಿನ ಶಾಸ್ತ್ರ ಬ್ಯಾಂಡಿನವರ ಪಾಲಿಗಿಲ್ಲ. ಮೊನ್ನೆ ಮಾತ್ರ ಕ್ಲಾರಿನೆಟ್ಟಿನ ಪೆಟ್ಟಿಗೆ ಮರೆತು ವಾಪಸ್ಸು ಹೋದೆ. ಒಳಗೆ ಹೆಣ್ಣೊಪ್ಪಿಸುವ ಶಾಸ್ತ್ರ ನಡೆಯುತ್ತಿತ್ತು. ಮೈಕ್ ಸೆಟ್ಟಿನವನು ಒಂದು ಕ್ಯಾಸೆಟ್ ಹಾಕಿದ. ಅದರಲ್ಲಿ ಹೆಂಗಸರು ಗುಂಪಾಗಿ ಹಾಡುತ್ತಿದ್ದರು:

ತಿರುಗಿ ನೋಡಬ್ಯಾಡ ತಂಗ್ಯಮ್ಮ, ತಿರುವು ದಾಟೋವರೆಗೂ,
ನಮ್ಮ ಬಾಗಿಲು ತೆರೆದೇ ಇರತೈತೆ ನೀನು ಬರೋವರೆಗೂ.

ಮದುಮಗಳ ತಾಯಿ ಅಳುತ್ತಿದ್ದರು, ಅಡುಗೆ ಭಟ್ಟರೂ ಸೌಟು ಹಿಡಿದು ನಿಂತಿದ್ದರು. ನಾನು ಮೈಕ್ ಸೆಟ್ಟಿನವನನ್ನು ಹಿಡಿದುಕೊಂಡು ಇದು ಯಾರ ಹಾಡು ಎಂದೆ. ‘ಯಾರದೂ ಅಲ್ಲ ಗುರು, ಸಂಪ್ರದಾಯದ ಹಾಡು, ಅಜ್ಜಿ ಕಾಲದ್ದು’ ಅಂದ. ಅಜ್ಜಿ ಕಾಲದ್ದಂತೆ! ಕ್ಯಾಸೆಟ್ ಎಲ್ಲಿಂದ ತಂದೆ ಎಂದರೆ, ಬನಶಂಕರಿಯಲ್ಲಿ ಕನ್ನಡಕದವರ ಅಂಗಡಿಯಿಂದ ಎಂದ. ಬನಶಂಕರಿಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿರುವ ಕನ್ನಡಕದವರು ಯಾರು ಎಂದು ನಾನು ನಿನಗೆ ಹೇಳಬೇಕೆ?

ನಿನ್ನೆ ನಿನ್ನ ಅಂಗಡಿಯ ಎದುರಿನ ಫುಟ್‌ಪಾತಿನಲ್ಲಿ ನಿಂತು ನೋಡಿದೆ. ಗಾಜಿನ ಹಿಂದೆ ಸಾಲಾಗಿ ಜೋಡಿಸಿದ್ದೀಯ. ‘ಮದುವೆಯ ಸಂಪ್ರದಾಯದ ಹಾಡುಗಳು, ಅರೆಕೆರೆಯ ಮಹಿಳೆಯರಿಂದ.’ ಬರೆದವನ ಹೆಸರಿಲ್ಲ. ಒಳಗೆ ಬಂದು ಕೊರಳಪಟ್ಟಿ ಹಿಡಿಯೋಣ ಅನ್ನಿಸಿತು. ನೀನು ಯಾರಿಗೋ ನಗುತ್ತಾ ಚಿಲ್ಲರೆ ಕೊಡುತ್ತಿದ್ದೆ. ಸುಮ್ಮನೆ ಬಸ್ಸು ಹತ್ತಿದೆ.

ಕಾಕತಾಳೀಯ ಎಂದು ಹೇಳಿ ಜಾರಿಕೊಳ್ಳಬೇಡ, ಸಾಕ್ಷಿ ಇದೆ. ನಾನು ಬರೆದದ್ದು ಎರಡು ಚರಣ. ಆ ಕ್ಯಾಸೆಟ್ಟಿನಲ್ಲಿ ಮೂರನೆಯದೊಂದಿದೆ:

ತಿರುಗಿ ನೋಡಿದೆ ಅಣ್ಣಯ್ಯ, ನೋಡದೆ ಹೆಂಗಿರಲಿ,
ಊದೋ ನೆಪದಾಗೆ ಅತ್ತೋನೆ, ನಿನ್ನ ಮರೆತು ಹೆಂಗಿರಲಿ.

ಊದುವ ನೆಪದಲ್ಲಿ ಅತ್ತದ್ದು ಯಾರಿಗೆ ಗೊತ್ತು, ಹೇಳು? ತಂಗಿ ಅಂಜನಮ್ಮನ ಮದುವೆಗೆ ನಮ್ಮದೇ ಬ್ಯಾಂಡ್. ಅಣ್ಣನಾಗಿ ಜೊತೆಗೆ ನಡೆಯಬೇಕಾದವನು ಕೆಂಪು ಕೋಟು ತೊಟ್ಟು ಮುಂದೆ ಊದುತ್ತಾ ನಡೆದೆ. ಅರೆಕೆರೆಗೆ ಹೋಗುವ ಗಾಡಿ ಊರಾಚೆ ತಿರುವಿನಲ್ಲಿ ನಿಂತಿತ್ತು. ಅಳು ಒತ್ತಿಕೊಂಡು ಬಂತು. ತುಟಿ ಸಡಿಲವಾದರೆ ಸ್ವರ ಒಡೆಯುತ್ತದೆ, ಆದ್ದರಿಂದ ತುಟಿ ಬಿಗಿಹಿಡಿದು ಊದುತ್ತಲೇ ಅತ್ತೆ. ನೋಡಿದವರು ಬಿಸಿಲಿಗೆ ಬೆವರು ಅಂದುಕೊಂಡರು. ಈ ಹಾಡು ಹುಟ್ಟಿದ್ದು ಆ ತಿರುವಿನಲ್ಲಿ. ಇದನ್ನು ನನ್ನ ಹೆಂಡತಿ ರುದ್ರಮ್ಮನಿಗೂ ಹೇಳಿಲ್ಲ. ಬಿಳೇಕಹಳ್ಳಿಯ ಕಾರ್ಯಕ್ರಮ ಮುಗಿಸಿ ಟೀ ಕುಡಿಯುವಾಗ ನಿನಗೊಬ್ಬನಿಗೆ ಹೇಳಿದೆ. ನಿನಗೊಬ್ಬನಿಗೇ, ಸೇತು.

ಆರ್ಕೆಸ್ಟ್ರಾದಲ್ಲಿ ಸ್ವಂತ ಹಾಡು ಎಂದರೆ ಜನ ಎದ್ದು ಕಡಲೆಕಾಯಿ ಕೊಳ್ಳಲು ಹೋಗುತ್ತಿದ್ದರು. ಆಗ ಉಪಾಯ ಹೇಳಿದವನು ನೀನೇ. ಕನ್ನಡಕ ಸರಿಮಾಡಿಕೊಂಡು ಮೈಕಿನಲ್ಲಿ, ‘ಈಗ ಕೇಳಿ, ಮುಂಬರುವ ಚಿತ್ರದ ಒಂದು ಅದ್ಭುತ ಗೀತೆ’ ಎನ್ನುತ್ತಿದ್ದೆ. ಜನ ಪಿಟಿಕ್ ಎನ್ನದೆ ಕೂತು ಕೇಳಿ ಒನ್ಸ್ ಮೋರ್ ಅನ್ನುತ್ತಿದ್ದರು. ನಾವಿಬ್ಬರೂ ಪರದೆಯ ಹಿಂದೆ ನಕ್ಕಿದ್ದೇ ನಕ್ಕಿದ್ದು. ಆಗಲೇ ನನ್ನ ಹೆಸರನ್ನು ಪಕ್ಕಕ್ಕೆ ಸರಿಸಲು ಲೆಕ್ಕ ಹಾಕಿದ್ದೆಯಾ ಎಂದು ಈಗ ಅನುಮಾನ ಬರುತ್ತಿದೆ. ಹೋದ ತಿಂಗಳು ಬೇರೆ ನೀನು ಎರಡು ಸಲ ನಮ್ಮ ಮನೆ ಹುಡುಕಿಕೊಂಡು ಬಂದೆ. ನಾನು ಒಳಗೇ ಇದ್ದುಕೊಂಡು ಇಲ್ಲ ಎಂದು ಹೇಳಿಸಿದೆ. ನಾಲ್ಕು ವರ್ಷ ಇಲ್ಲದ ಸ್ನೇಹ ಹೋದ ತಿಂಗಳೇ ಯಾಕೆ ಉಕ್ಕಿತು? ನನ್ನ ಬಾಯಿ ಮುಚ್ಚಿಸಲು ತಾನೆ?

ನಾಳೆ ಅರೆಕೆರೆಗೆ ಹೋಗುತ್ತೇನೆ. ಆ ಹೆಂಗಸರಿಗೆ ಹಾಡು ಕಲಿಸಿದವನು ನೀನು ಎಂದು ಅವರ ಬಾಯಲ್ಲೇ ಹೇಳಿಸಿಕೊಂಡು ಬಂದು ಕಾಗದ ಮುಗಿಸುತ್ತೇನೆ.

19-5-1985

ಕಾಗದವನ್ನು ಹರಿದು ಹಾಕಲು ಎತ್ತಿಕೊಂಡೆ. ಬೇಡ, ನಾನು ಏನೆಂದುಕೊಂಡಿದ್ದೆ ಎಂಬುದು ನಿನಗೂ ಗೊತ್ತಾಗಲಿ ಎಂದು ಮುಂದುವರಿಸುತ್ತಿದ್ದೇನೆ.

ಅರೆಕೆರೆಯಲ್ಲಿ ನೇರ ಅಂಜನಮ್ಮನ ಮನೆಗೆ ಹೋದೆ. ವರುಷವೇ ಆಗಿತ್ತು ಹೋಗಿ. ಮದುವೆ ಸೀಜನ್ನಿನಲ್ಲಿ ನಮ್ಮಂಥವರಿಗೆ ನೆಂಟರ ಮನೆ ಎಲ್ಲಿ? ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳಿದೆ, ಇಲ್ಲಿನ ಹೆಂಗಸರಿಗೆ ಒಬ್ಬ ಕನ್ನಡಕದವನು ಬಂದು ಹಾಡು ಹೇಳಿಕೊಟ್ಟನಾ ಎಂದು. ಅವಳು ನನ್ನ ಮುಖ ನೋಡಿದಳು. ‘ಯಾವ್ ಕನ್ನಡಕದೋನು? ಹೇಳ್ಕೊಡೋಳು ನಾನೇ ಕಣಣ್ಣಯ್ಯ. ಒಪ್ಪಿಸೋ ಶಾಸ್ತ್ರಕ್ಕೆ ಈ ಸುತ್ತಿಗೆಲ್ಲಾ ನನ್ನನ್ನೇ ಕರೀತಾರೆ’ ಅಂದಳು.

ನಿನಗೆ ಎಲ್ಲಿ ಸಿಕ್ಕಿತು ಆ ‘ತಿರುಗಿ ನೋಡಬ್ಯಾಡ’ ಹಾಡು ಎಂದೆ.

‘ಅಯ್ಯೋ, ನೀನೇ ಹಿಂದೆ ಕೂತು ಊದ್ತಿದ್ದೆ, ಮರ್ತೋದ್ಯಾ? ಅಣ್ಣಮ್ಮ ದೇವಿ ಉತ್ಸವಕ್ಕೆ ನಮ್ಮೂರಿಗೆ ನಿಮ್ ಆರ್ಕೆಸ್ಟ್ರಾ ಬಂದಿತ್ತಲ್ಲ. ಸಿನ್ಮಾ ಹಾಡು ಅದು. ಆ ಸಿನ್ಮಾ ಮಾತ್ರ ಬರಲೇ ಇಲ್ಲ ನೋಡು. ಹೊಸಾದು ಯಾವ್ದು ಬಂದ್ರೂ ಇವರ್ನ ಕಾಡಿ ಟಾಕೀಸಿಗೆ ಹೋಗ್ತಿದ್ದೆ, ಇದ್ರಲ್ಲಾದ್ರೂ ಆ ಹಾಡು ಇದ್ದೀತು ಅಂತ. ಸಖತ್ತಾಗಿ ಬರ್ದಿದ್ದ ಪುಣ್ಯಾತ್ಮ. ನನ್ನ ಮದ್ವೇನ ಕಣ್ಣಾರೆ ಕಂಡೋನ ಥರ.’

ಆ ದಿನ ನಿನ್ನ ಘೋಷಣೆಯಾದ ಮೇಲೆ ನಾನು ಹೆಂಗಸರ ಸಾಲಿನ ಕಡೆ ಕಣ್ಣು ಹಾಯಿಸಿದ್ದೆ. ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ತನ್ನದೇ ಹಾಡು ಎಂದು ಗೊತ್ತಾಯಿತು ಅಂದುಕೊಂಡು ಸುಮ್ಮನಾದೆ. ಅವಳು ಸಿನಿಮಾದ್ದು ಅಂದುಕೊಂಡಳು. ಜನರಿಗೆ ನಾವು ಹೇಳಿದ್ದು ನನ್ನ ತಂಗಿಗೂ ಕೇಳಿಸಿತ್ತು ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲವಲ್ಲೋ.

ಮತ್ತೆ ಮೂರನೆಯ ಚರಣ ಎಂದೆ. ಅವಳು ನಾಚಿಕೊಂಡಳು. ‘ಅದು ನಾನೇ ಸೇರ್ಸಿದ್ದು. ಗಾಡಿ ಹತ್ತೋವಾಗ ತಿರುಗಿ ನೋಡ್ದೆ. ನಿನ್ನ ಕೆನ್ನೆ ನೆಂದಿತ್ತು. ಊದೋನು ಬೆವರ್ತಾನೆ ಅಂದ್ರು ಎಲ್ಲಾರೂ. ಹಣೆ ಒಣಗಿತ್ತಲ್ಲ, ಬರೀ ಕೆನ್ನೆ ಬೆವರುತ್ತಾ?’ ಎಂದಳು.

ನಾನು ಬಚ್ಚಿಟ್ಟುಕೊಂಡಿದ್ದೇನೆ ಅಂದುಕೊಂಡದ್ದನ್ನು ಅವಳು ಅವತ್ತೇ ನೋಡಿದ್ದಳು, ಸೇತು. ನೀನು ಯಾರಿಗೂ ಹೇಳಿರಲಿಲ್ಲ. ಕ್ಯಾಸೆಟ್ ಮಾಡಿಸಿದ್ದು ಅವಳ ಊರಿನ ಮೈಕ್ ಸೆಟ್ಟಿನವನು. ನಿನ್ನ ಅಂಗಡಿಗೆ ಬಂದ ಮೇಲೆ ನೀನು ಕೇಳಿ ಗುರುತು ಹಿಡಿದಿರುತ್ತೀಯ, ಅದನ್ನು ಹೇಳಲೆಂದೇ ನಮ್ಮ ಬಾಗಿಲು ತಟ್ಟಿರುತ್ತೀಯ ಎಂದು ಈಗ ಅನ್ನಿಸುತ್ತಿದೆ. ಇಲ್ಲ, ಬೇರೆ ಏನೋ ಇತ್ತು ಎನ್ನುವುದಾದರೆ ಅದನ್ನೂ ಬಂದು ಹೇಳು. ಅನುಮಾನದ ಬುದ್ಧಿ ಒಂದೇ ದಿನಕ್ಕೆ ಬಿಡುವುದಿಲ್ಲ. ರುದ್ರಮ್ಮ ಅಂತೂ ‘ಆವಯ್ಯ ಪಾಪ ಬಿಸಿಲಲ್ಲಿ ನಿಂತಿದ್ದು ಹೋದ್ರು’ ಎಂದು ನನಗೆ ಚೆನ್ನಾಗಿ ಮಂಗಳಾರತಿ ಮಾಡಿದಳು. ಕೊರಳಪಟ್ಟಿಯ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಮೊದಲ ಸಾಲಿನಲ್ಲಿ ಬಿಟ್ಟ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ, ಅಲ್ಲಿಗೆ ಸೇರಿಸಿಕೊಂಡು ಓದು.

ಪ್ರೀತಿಯ,
ಯಲ್ಲಯ್ಯ

ತಾ.ಕ.: ಅಂಜನಮ್ಮನಿಗೆ ಹೇಳಿಬಿಟ್ಟೆ. ಆ ಹಾಡು ನಾನೇ ಬರೆದದ್ದು, ನಿನಗಾಗಿಯೇ ಬರೆದದ್ದು ಎಂದೆ. ನಕ್ಕುಬಿಟ್ಟಳು. ‘ಹೋಗಣ್ಣಯ್ಯ, ತಮಾಷೆ ಮಾಡ್ಬೇಡ. ಕನ್ನಡಕ ಹಾಕ್ಕೊಂಡಿದ್ದೋರು ಮೈಕಲ್ಲೇ ಹೇಳುದ್ರಲ್ಲ, ಬರೋ ಸಿನ್ಮಾದ್ದು ಅಂತ. ಅಷ್ಟು ದೊಡ್ಡೋರು ಸುಳ್ಳು ಹೇಳ್ತಾರಾ?’ ಅಂದಳು. ಎಷ್ಟು ಆಣೆ ಇಟ್ಟರೂ ನಂಬಲಿಲ್ಲ. ಮೂವತ್ತನೇ ತಾರೀಖು ಅವಳ ಮೈದುನನ ಮಗಳ ಮದುವೆ, ಅರೆಕೆರೆಯಲ್ಲೇ. ಅವತ್ತು ನಾನು ಊದುವುದಿಲ್ಲ ಎಂದು ಪಿಳ್ಳಣ್ಣನಿಗೆ ಹೇಳಿದ್ದೇನೆ. ಬಿಳಿ ಶರಟು ಹಾಕಿಕೊಂಡು ಒಳಗೆ ನೆಂಟನಾಗಿ ಕೂರುತ್ತೇನೆ. ನೀನೂ ಬಾ, ಕನ್ನಡಕ ಹಾಕಿಕೊಂಡೇ ಬಾ, ಮೈಕ್ ಹಿಡಿದು ಹೇಳು. ಅವಳು ನಂಬುವುದು ನಿನ್ನನ್ನೇ. ಹೇಳುವಾಗ ನನ್ನ ಹೆಸರೊಂದೇ ಹೇಳಬೇಡ, ಮೂರನೆಯ ಚರಣ ಅಂಜನಮ್ಮನದು.