ಹಳೇ ಡಬ್ಬಿಯ ಮಾತ್ರೆ

ಓಪಲ್,

ಈಜುಕೊಳದ ವ್ಯಾಯಾಮಕ್ಕೆ ಹೊರಟೆ. ಬೀನ್ಸ್ ಕಾಳು ಬೇಯಿಸಿಟ್ಟಿದ್ದೀನಿ, ಜೋಳದ ಬ್ರೆಡ್ ನೀನೇ ಮಾಡು. ನಾನು ಮಾಡಿದ್ರೆ ನಾಯಿಯೂ ಮೂಸಲ್ಲ.

ಒಂದು ಮಾತು, ಕೋಪ ಮಾಡ್ಕೋಬೇಡ. ಡಾಕ್ಟರು ನನ್ನ ನೋವಿನ ಮಾತ್ರೆಗಳನ್ನ ಸ್ವಲ್ಪಸ್ವಲ್ಪವೇ ಇಳಿಸ್ತಿದ್ದಾರೆ. ನಾನು ನರಳೋದನ್ನ ಕೇಳಲಾರದೆ ನೀನು, "ಇವತ್ತೊಂದಿನ ತಗೋ ಮಾರಾಯ" ಅಂತ ಹಳೇ ಡಬ್ಬಿಯಿಂದ ಇನ್ನೊಂದು ಕೊಡ್ತೀಯ. ನಾನೂ ಸುಮ್ಮನೆ ನುಂಗ್ತೀನಿ. ಆ ಡಬ್ಬಿ ಈಗ ನನ್ನ ಜೇಬಲ್ಲಿದೆ, ಔಷಧಿ ಅಂಗಡಿಗೆ ವಾಪಸ್ ಕೊಟ್ಟು ಬರ್ತೀನಿ. ಹುಡುಕಬೇಡ.

ಗಣಿಯಲ್ಲಿ ಮುರಿದ ಬೆನ್ನು, ನೋವು ಪೂರ್ತಿ ಹೋಗಲ್ಲ ಅಂತ ನನಗೂ ಗೊತ್ತು. ಆದ್ರೆ ಭಾನುವಾರ ಆ ಹೆಚ್ಚಿನ ಮಾತ್ರೆ ನುಂಗಿರಲಿಲ್ಲ, ಊಟಕ್ಕೆ ಕೂತಾಗ ನಾನು ತೂಕಡಿಸಲಿಲ್ಲ. ನಿನ್ನಣ್ಣ ಹಾರ್ಲನ್ ಹೇಳಿದ ಜೋಕನ್ನ ಕೊನೇವರೆಗೂ ಕೇಳಿದೆ. ದರಿದ್ರ ಜೋಕು. ನೀನು ನಕ್ಕಿದ್ದು ನೋಡಿ ನಾನೂ ನಕ್ಕೆ.

ಇನ್ಮೇಲೆ ನಾನು ನರಳಿದ್ರೆ ಪಕ್ಕದಲ್ಲಿ ಬಂದು ಕೂರು. ನನ್ನ ಬೈದ್ರೂ ಸರಿ.

ಡೆಲ್ಮರ್